ಶ್ರೀಕಂಠದತ್ತ ಒಡೆಯರ್ ಅವರ ಸಂಸದೀಯ ಬದುಕನ್ನು ಬರೆಯುವುದು ಹೇಗೆ?

ಅರಮನೆ, ದಸರಾ ಆಮೇಲಿರಲಿ. ಮೊದಲು ಚುನಾವಣಾ ಆಯೋಗದ ವರದಿಗಳಿಂದ ಮೈಸೂರು ಲೋಕಸಭಾ ಕ್ಷೇತ್ರದ ಫಲಿತಾಂಶಗಳನ್ನು ಸಾಲಾಗಿ ಬರೆದುಕೊಳ್ಳಿ. 1984, 1989, 1996, 1999ರಲ್ಲಿ ಕಾಂಗ್ರೆಸ್‌ನಿಂದ ಗೆಲುವು. 1991ರಲ್ಲಿ ಬಿಜೆಪಿಯಿಂದ ನಿಂತು ಸೋಲು. 2004ರಲ್ಲಿ ಮತ್ತೆ ಸೋಲು. ಹಲವರು ಎಡವುವುದು ಇಲ್ಲೇ, ‘ಸತತ ನಾಲ್ಕು ಬಾರಿ ಸಂಸದ’ ಎಂದು ಬರೆದುಬಿಡುತ್ತಾರೆ. 1991ರಲ್ಲಿ ಗೆದ್ದ ಚಂದ್ರಪ್ರಭಾ ಅರಸು ಮಾಜಿ ಮುಖ್ಯಮಂತ್ರಿ ದೇವರಾಜ ಅರಸರ ಮಗಳು. ಅದನ್ನು ಬಿಟ್ಟರೆ ಆ ಸೋಲಿನ ಅರ್ಧ ಸ್ವಾರಸ್ಯವೇ ಹೋಯಿತು.

‘ಮಹಾರಾಜ’ ಎಂದು ಬರೆಯುವಾಗ ಎಚ್ಚರ. ಸಂವಿಧಾನದ 26ನೇ ತಿದ್ದುಪಡಿ 1971ರಲ್ಲೇ ರಾಜಧನವನ್ನೂ (ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ವಾರ್ಷಿಕ ಹಣ) ಅರಸರ ಮಾನ್ಯತೆಯನ್ನೂ ರದ್ದು ಮಾಡಿತು. ತಂದೆ ಜಯಚಾಮರಾಜ ಒಡೆಯರ್ ತೀರಿಕೊಂಡದ್ದು 1974ರಲ್ಲಿ. ಹಾಗಾಗಿ ಮಗನದು ಸರ್ಕಾರ ಮಾನ್ಯ ಮಾಡಿದ ಪಟ್ಟವಲ್ಲ.

ಆಸ್ತಿ ವಿವರಕ್ಕೆ 2004ರ ಚುನಾವಣೆಯ ನಾಮಪತ್ರದ ಜೊತೆಗಿನ ಪ್ರಮಾಣಪತ್ರ (ಅಫಿಡವಿಟ್) ಹುಡುಕಿ. ಅದಕ್ಕೂ ಹಿಂದಿನ ಲೋಕಸಭಾ ಚುನಾವಣೆಗಳಲ್ಲಿ ಅಂಥ ಘೋಷಣೆ ಕಡ್ಡಾಯವಿರಲಿಲ್ಲ.