ಕೊಡಗಿಗೆ ಬರ್ತಿದ್ದೀರಾ? ಮೊದಲು ಮಳೆ ಲೆಕ್ಕ ಕಲಿಯಿರಿ

ನಾನು ಗದಗ ಕಡೆಯವಳು. ನಾಪೋಕ್ಲು ಹತ್ತಿರದ ಶಾಲೆಗೆ ಟೀಚರ್ ಆಗಿ ಬಂದೆ, ಅದೂ ಜೂನ್‌ನಲ್ಲಿ. ನಿಮ್ಮ ಕೈಯಲ್ಲಿದ್ದರೆ ಮಾರ್ಚ್‌ನಲ್ಲಿ ಬನ್ನಿ. ಹೂಮಳೆ ಬಿದ್ದು ಕಾಫಿ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿರುತ್ತದೆ. ಜೂನ್‌ನಲ್ಲಿ ಬಂದರೆ ಮೊದಲು ಕಾಲಿಗೆ ಹತ್ತುವುದು ಜಿಗಣೆ.

ಊರಿಂದ ಜಾಸ್ತಿ ಸಾಮಾನು ಹೊತ್ತು ತರಬೇಡಿ. ನಾನು ತಂದ ಖಡಕ್ ರೊಟ್ಟಿ ಎರಡೇ ದಿನಕ್ಕೆ ಮೆತ್ತಗೆ ಬಟ್ಟೆಯ ಹಾಗೆ ಆಯಿತು. ಐದು ಕಿಲೋ ಜೋಳದ ಹಿಟ್ಟಿಗೆ ಬೂಷ್ಟು ಬಂತು. ಚರ್ಮದ ಚಪ್ಪಲಿಗೂ ಬಂತು. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳ್ಳೆ ಕೊಡೆ, ಚಾರ್ಜ್ ಆಗುವ ಲೈಟ್ ಇದ್ದರೆ ಸಾಕು. ಮರ ಬಿದ್ದು ಕರೆಂಟ್ ಹೋದರೆ ಎರಡು ಮೂರು ದಿನ ಬರದೆಯೂ ಇರಬಹುದು.

ಇನ್ನು ಜನ. ನಮ್ಮ ಕಡೆ ಸಂಜೆ ಕಟ್ಟೆ ಮೇಲೆ ಕೂತರೆ ಅರ್ಧ ಊರು ಮಾತಾಡಿಸಿಕೊಂಡು ಹೋಗುತ್ತದೆ. ಇಲ್ಲಿ ಮನೆಗಳು ತೋಟದ ಒಳಗೆ, ದೂರ ದೂರ. ಎರಡು ತಿಂಗಳು ನಾನು ಬಾಗಿಲಲ್ಲಿ ಕೂತು, ಯಾರೂ ಬರಲಿಲ್ಲ ಅಂತ ಮುನಿಸಿಕೊಂಡಿದ್ದೆ. ಅವರೇಕೆ ಬರ್ತಾರೆ? ಹೋಗಬೇಕಾದವಳು ನಾನು. ಸುಮ್ನೆ ಹೋಗೋಕೆ ಸಂಕೋಚ ಅಂದರೆ ಕೈಯಲ್ಲಿ ಏನಾದರೂ ಹಿಡಿದು ಹೋಗಿ. ನಾನು ಶೇಂಗಾ ಚಟ್ನಿ ಪುಡಿ ಒಯ್ದೆ. ಮನೆ ಓನರ್ ಆಂಟಿ ಆ ಡಬ್ಬಿಯನ್ನು ಖಾಲಿ ವಾಪಸ್ ಕೊಡಲಿಲ್ಲ, ಕಣಿಲೆ (ಎಳೆ ಬಿದಿರು) ಪಲ್ಯ ತುಂಬಿಸಿ ಕೊಟ್ಟರು.

ಆಗಸ್ಟ್ 3ಕ್ಕೆ, ಅಂದರೆ ಕೊಡವರ ಕಕ್ಕಡ ತಿಂಗಳ 18ಕ್ಕೆ, ಮದ್ದು ಸೊಪ್ಪು ಅನ್ನುವ ಔಷಧಿ ಸೊಪ್ಪಿನ ಪಾಯಸ ಕೊಡುತ್ತಾರೆ. ನೇರಳೆ ಬಣ್ಣ, ಒಂಥರಾ ಘಮ. ತಿನ್ನಿ. ಆದರೆ ಮರುದಿನ ಬೆಳಿಗ್ಗೆ ಮೂತ್ರ ಕೆಂಪಗೆ ಹೋದರೆ ಹೆದರಬೇಡಿ, ಅದು ಸೊಪ್ಪಿನ ಬಣ್ಣ. ನನಗೆ ಯಾರೂ ಹೇಳಿರಲಿಲ್ಲ. ಆಸ್ಪತ್ರೆಗೆ ಹೊರಟು ಗೇಟಿನ ತನಕ ಹೋಗಿದ್ದೆ. ಆಂಟಿ ನಕ್ಕಿದ್ದು ಇನ್ನೂ ನಿಂತಿಲ್ಲ.

"ನಿಮ್ಮದು ಯಾವ ಮನೆ?" ಅಂತ ಕೇಳಿದರೆ ಬಾಡಿಗೆ ಮನೆಯ ದಾರಿ ಹೇಳಬೇಡಿ. ನಾನು ಹೇಳಿದ್ದೆ! ಅವರು ಕೇಳುವುದು ಮನೆತನದ ಹೆಸರು. ಕೊಡವರಿಗೂ ಅರೆಭಾಷೆ ಗೌಡರಿಗೂ ಅದಿಲ್ಲದೆ ಗುರುತೇ ಇಲ್ಲ. ಕೊನೆಗೆ ನಮ್ಮ ಅಡ್ಡಹೆಸರು ಉಳ್ಳಾಗಡ್ಡಿ ಅಂದೆ, ಅಂದರೆ ಈರುಳ್ಳಿ ಅಂತಲೂ ವಿವರಿಸಿದೆ. ಅವತ್ತಿನಿಂದ ಊರಿಗೆಲ್ಲ ನಾನು ಗೊತ್ತು.

ಮದುವೆಗೆ ಕರೆದರೆ ತಪ್ಪಿಸಬೇಡಿ. ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ತಿನ್ನದಿದ್ದರೆ ಮೊದಲೇ ಹೇಳಿ, ಮೂಗು ಮಾತ್ರ ಮುರಿಯಬೇಡಿ. ಅಕ್ಕಿಯ ಕಡುಬು ಕಡಂಬುಟ್ಟು, ಶಾವಿಗೆಯಂಥ ನೂಪುಟ್ಟು ಇದ್ದೇ ಇರುತ್ತದೆ. ಕುಣಿತದ ವಾಲಗ ಶುರುವಾದ ಮೇಲೆ ಗೋಡೆಗೆ ಒರಗಿ ನಿಲ್ಲಬೇಡಿ. ಕುಣಿಯೋಕೆ ಬರದಿದ್ದರೂ ಪರವಾಗಿಲ್ಲ, ನನಗೂ ಬರುವುದಿಲ್ಲ.

ಕೊಡವ ತಕ್ಕ್, ಅಂದರೆ ಕೊಡವರ ಭಾಷೆ, ನಿಧಾನಕ್ಕೆ ಕಿವಿಗೆ ಬೀಳುತ್ತದೆ. ಅಲ್ಲಿಯವರೆಗೆ ಮಾತು ಶುರು ಮಾಡಲು ಒಂದೇ ಪ್ರಶ್ನೆ ಸಾಕು: "ನಿಮ್ಮಲ್ಲಿ ಎಷ್ಟು ಮಳೆ?" ಉತ್ತರ ಮಿಲಿಮೀಟರಿನಲ್ಲಿ ಬರುವುದಿಲ್ಲ, ಇಂಚು ಸೆಂಟಿನಲ್ಲಿ ಬರುತ್ತದೆ. ನೂರು ಸೆಂಟಿಗೆ ಒಂದು ಇಂಚು. ನಮ್ಮ ಮನೆ ಓನರ್ ಅಂಕಲ್ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಅಳೆದು ಹಳೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ನಮ್ಮೂರಲ್ಲಿ ವರ್ಷಕ್ಕೆ ಸುಮಾರು 25 ಇಂಚು ಅಂದಾಗ ಅವರು ಪಾಪ ಅನ್ನುವ ಹಾಗೆ ನೋಡಿ, "ಟೀಚರ್, ಕುಡಿಯೋಕೆ ನೀರುಂಟಾ?" ಅಂದರು. ಆಮೇಲೆ ಒಂದು ಗಂಟೆ ಮಾತಾಡಿದೆವು. ಅವರ ಮನೆಯಲ್ಲಿ ನಾನು ಅಷ್ಟು ಹೊತ್ತು ಕೂತದ್ದು ಅದೇ ಮೊದಲು.

ಮೊನ್ನೆ ಅಂಕಲ್, ಆಂಟಿ ಇಬ್ಬರೂ ಮೈಸೂರಿಗೆ ಹೋಗಿದ್ದರು. ಹೋಗುವಾಗ ನೋಟ್‌ಬುಕ್ ನನ್ನ ಕೈಗೆ ಕೊಟ್ಟರು. ಬೆಳಿಗ್ಗೆ ಕೊಡೆ ಹಿಡಿದು ಹೋಗಿ ಅಳೆದೆ. 3 ಇಂಚು 40 ಸೆಂಟು. ಅವರ ಅಕ್ಷರದ ಕೆಳಗೇ ಬರೆದಿಟ್ಟೆ.