ಜಾವಾ ಪಟ್ಟಿ ಸ್ಕಾಲಾ ಕೈಗೆ ಬಂದಾಗ

ಜಾವಾದಲ್ಲಿ ಬರೆದ ಹಳೆಯ ಲೈಬ್ರರಿ, ಅದರ ಮೇಲೆ ಸ್ಕಾಲಾದಲ್ಲಿ ಬರೆಯುವ ಹೊಸ ಪ್ರೋಗ್ರಾಂ. ದೊಡ್ಡ ಪ್ರಮಾಣದ ದತ್ತಾಂಶ ನಿಭಾಯಿಸುವ ಸ್ಪಾರ್ಕ್, ಕಾಫ್ಕಾ ಬಳಸುವವರಿಗೆ ಇದು ದಿನನಿತ್ಯದ ಜೋಡಿ. ಎರಡೂ ಭಾಷೆ ಓಡುವುದು ಜೆವಿಎಂ (ಜಾವಾ ವರ್ಚುವಲ್ ಮಷೀನ್) ಮೇಲೆಯೇ ಆದ್ದರಿಂದ ಜಾವಾ ಕ್ಲಾಸನ್ನು ಸ್ಕಾಲಾದಿಂದ ನೇರವಾಗಿ ಕರೆಯಬಹುದು. ತಕರಾರು ಶುರುವಾಗುವುದು ಆ ಕ್ಲಾಸಿನ ಮೆಥಡ್ ಒಂದು ಪಟ್ಟಿಯನ್ನು ಕೈಗಿತ್ತಾಗ. ಜಾವಾದ ಲಿಸ್ಟ್ ಬೇರೆ, ಸ್ಕಾಲಾದ ಲಿಸ್ಟ್ ಬೇರೆ, ಹೆಸರಷ್ಟೇ ಒಂದು. ಜಾವಾ ಲಿಸ್ಟಿಗೆ ನೇರವಾಗಿ ಸ್ಕಾಲಾದ ಮ್ಯಾಪ್ (ಪ್ರತಿ ಅಂಶವನ್ನೂ ಬದಲಿಸುವುದು), ಫಿಲ್ಟರ್ (ಬೇಕಾದ್ದನ್ನಷ್ಟೇ ಆರಿಸುವುದು) ಹಚ್ಚಲು ಹೋದರೆ ಕಂಪೈಲರ್ ಅಲ್ಲೇ ತಡೆಯುತ್ತದೆ.

ಒಂದು ಉದಾಹರಣೆ ಹಿಡಿದು ಹೋಗೋಣ. ವಿದ್ಯುತ್ ಮೀಟರಿನ ರೀಡಿಂಗ್ ಕೊಡುವ ಜಾವಾ ಲೈಬ್ರರಿ ಇದೆ ಎಂದುಕೊಳ್ಳಿ. ಅದು ಇಂಟಿಜರ್‌ಗಳ ಲಿಸ್ಟ್ ಕೊಡುತ್ತದೆ: 128, 240, ನಲ್ (ಬೆಲೆಯೇ ಇಲ್ಲ ಎಂಬ ಗುರುತು), 95. ಮೂರನೇ ಮನೆಗೆ ಬೀಗ ಹಾಕಿತ್ತು, ರೀಡಿಂಗ್ ಸಿಕ್ಕಿಲ್ಲ. ಸ್ಕಾಲಾದಲ್ಲಿ ಇದರ ಸರಾಸರಿ ಬೇಕು.

ಮೊದಲು ಇಂಪೋರ್ಟ್

ನಿಮ್ಮ ಸ್ಕಾಲಾ ಆವೃತ್ತಿ ಯಾವುದು ನೋಡಿಕೊಳ್ಳಿ. 2019ರಲ್ಲಿ ಬಂದ 2.13 ಅಥವಾ ಸ್ಕಾಲಾ 3 ಆದರೆ ‘ಸ್ಕಾಲಾ.ಜೆಡಿಕೆ’ ಪ್ಯಾಕೇಜಿನ ‘ಕಲೆಕ್ಷನ್‌ಕನ್ವರ್ಟರ್ಸ್’ ಬೇಕು. 2.12 ಆದರೆ ‘ಸ್ಕಾಲಾ.ಕಲೆಕ್ಷನ್’ ಪ್ಯಾಕೇಜಿನ ‘ಜಾವಾಕನ್ವರ್ಟರ್ಸ್’. ಹಳೆಯ ಕೋಡಿನಲ್ಲಿ ‘ಜಾವಾಕನ್ವರ್ಶನ್ಸ್’ ಕಂಡರೆ ತೆಗೆದು ಹಾಕಿ. ಅದು ಹೇಳದೆ ಕೇಳದೆ ಪರಿವರ್ತನೆ ಮಾಡುತ್ತಿತ್ತು. ಯಾವ ಸಾಲಿನಲ್ಲಿ ಪಟ್ಟಿ ವೇಷ ಬದಲಿಸಿತು ಎಂದು ಓದುವವನಿಗೆ ಗೊತ್ತೇ ಆಗುತ್ತಿರಲಿಲ್ಲ. 2.13ರಲ್ಲಿ ಅದನ್ನು ತೆಗೆದೇಬಿಟ್ಟರು, ಒಳ್ಳೆಯದೇ ಆಯಿತು.

ಇಂಪೋರ್ಟ್ ಆದ ಮೇಲೆ ಜಾವಾ ಪಟ್ಟಿಯ ಮುಂದೆ ಚುಕ್ಕಿ ಇಟ್ಟು ‘ಆ್ಯಸ್‌ಸ್ಕಾಲಾ’ ಎಂದರೆ ಸಾಕು. ಹಿಂದಿರುಗಿಸುವಾಗ ‘ಆ್ಯಸ್‌ಜಾವಾ’. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ಎರಡನೇ ಪದದ ಮೊದಲ ಅಕ್ಷರ ಮಾತ್ರ ದೊಡ್ಡದಾಗಿ.

ಇದು ನಕಲಲ್ಲ

‘ಆ್ಯಸ್‌ಸ್ಕಾಲಾ’ ಹೊಸ ಪಟ್ಟಿ ಮಾಡುವುದಿಲ್ಲ. ಅದೇ ಉಪ್ಪಿನಕಾಯಿ ಭರಣಿಗೆ ಬೇರೆ ಚೀಟಿ ಅಂಟಿಸಿದ ಹಾಗೆ, ಜಾವಾ ಪಟ್ಟಿಯ ಮೇಲೆ ಒಂದು ಹೊದಿಕೆ ಹಾಕುತ್ತದೆ, ಅಷ್ಟೆ. ಹತ್ತು ಅಂಶ ಇರಲಿ, ಹತ್ತು ಲಕ್ಷ ಇರಲಿ, ಹಿಡಿಯುವ ಸಮಯ ಒಂದೇ. ಸಿಗುವುದು ಸ್ಕಾಲಾದ ಲಿಸ್ಟ್ ಅಲ್ಲ, ಬದಲಾಯಿಸಬಹುದಾದ ಬಫರ್. ಆಚೆ ಜಾವಾ ಕೋಡ್ ಪಟ್ಟಿಗೆ ಒಂದು ಅಂಶ ಸೇರಿಸಿದರೆ ಈಚೆ ನಿಮ್ಮ ಬಫರಿನಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಅದು ಬೇಡವಾದರೆ ಬೆನ್ನಿಗೇ ‘ಟುಲಿಸ್ಟ್’ ಸೇರಿಸಿ. ಆಗ ನಿಜವಾದ ನಕಲು ಸಿಗುತ್ತದೆ. ಪಟ್ಟಿಯನ್ನು ಒಮ್ಮೆ ಓದಿ ಬಿಡುವುದಾದರೆ ಹೊದಿಕೆಯೇ ಸಾಕು. ಎಲ್ಲಾದರೂ ಇಟ್ಟುಕೊಳ್ಳುವುದಾದರೆ ನಕಲು ಮಾಡಿಕೊಳ್ಳಿ.

ಒಳಗಿನ ಸಂಖ್ಯೆಗೆ ಬೇರೆ ಕೆಲಸ

ಹೊಸಬರು ಎಡವುವುದು ಇಲ್ಲೇ. ‘ಆ್ಯಸ್‌ಸ್ಕಾಲಾ’ ಪಟ್ಟಿಯ ಹೊರಗಣ ಟೈಪ್ ಮಾತ್ರ ಬದಲಿಸುತ್ತದೆ. ಒಳಗಿರುವುದು ಇನ್ನೂ ಜಾವಾದ ಇಂಟಿಜರ್, ಅಂದರೆ ಡಬ್ಬಿಯಲ್ಲಿಟ್ಟ ಸಂಖ್ಯೆ. ಸ್ಕಾಲಾದ ಇಂಟ್ ಬರಿಯ 32 ಬಿಟ್ ಸಂಖ್ಯೆ. ಇಂಟಿಜರ್ ನಲ್ ಆಗಬಹುದು, ಇಂಟ್ ಆಗಲಾರದು.

ಹಾಗಾದರೆ ಬೀಗ ಹಾಕಿದ ಮನೆಯ ಗತಿ? ಪ್ರತಿ ಅಂಶಕ್ಕೂ ‘ಇಂಟ್‌ವ್ಯಾಲ್ಯೂ’ ಕರೆದರೆ ಮೂರನೆಯದಕ್ಕೆ ಬಂದಾಗ ನಲ್‌ಪಾಯಿಂಟರ್ ಎಕ್ಸೆಪ್ಶನ್ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಅದು ಪರವಾಗಿಲ್ಲ, ತಪ್ಪು ಎಲ್ಲಿದೆ ಎಂದಾದರೂ ತಿಳಿಯುತ್ತದೆ. ‘ಆ್ಯಸ್‌ಇನ್‌ಸ್ಟೆನ್ಸ್‌ಆಫ್’ ಹಾಕಿ ಇಂಟ್ ಎಂದು ಒತ್ತಾಯ ಮಾಡಿದರೆ ಮಾತ್ರ ಕೇಡು: ಸ್ಕಾಲಾ ಆ ನಲ್ಲನ್ನು ಸದ್ದಿಲ್ಲದೆ 0 ಮಾಡುತ್ತದೆ. ಮೊತ್ತ 463 ಬರುತ್ತದೆ, ಅದು ಸರಿಯೇ. ಆದರೆ ಸರಾಸರಿ 463ನ್ನು 4ರಿಂದ ಭಾಗಿಸಿ 115.75 ಎಂದಾಗುತ್ತದೆ; ರೀಡಿಂಗ್ ಸಿಕ್ಕ ಮೂರು ಮನೆಗಳ ನಿಜವಾದ ಸರಾಸರಿ 154.33. ಮೊತ್ತ ಮಾತ್ರ ತಾಳೆ ನೋಡುವ ಟೆಸ್ಟ್ ಇದನ್ನು ಹಿಡಿಯುವುದೇ ಇಲ್ಲ.

ಸರಿಯಾದ ಕ್ರಮ ಹೀಗೆ. ‘ಆ್ಯಸ್‌ಸ್ಕಾಲಾ’ ಆದ ಮೇಲೆ ‘ಫ್ಲಾಟ್‌ಮ್ಯಾಪ್’ ಒಳಗೆ ಪ್ರತಿ ಅಂಶವನ್ನೂ ‘ಆಪ್ಶನ್’ನಲ್ಲಿ, ಅಂದರೆ ಬೆಲೆ ಇರಬಹುದಾದ ಅಥವಾ ಖಾಲಿ ಇರಬಹುದಾದ ಲಕೋಟೆಯಲ್ಲಿ, ಸುತ್ತಿ. ನಲ್ ಇದ್ದದ್ದು ‘ನನ್’ (None, ಖಾಲಿ ಲಕೋಟೆ) ಆಗಿ ಉದುರಿಹೋಗುತ್ತದೆ. ಉಳಿದವಕ್ಕೆ ‘ಇಂಟ್‌ವ್ಯಾಲ್ಯೂ’. ಕೂಡುವ ಮುನ್ನ ‘ಟುಲಾಂಗ್’ ಹಾಕಿ 64 ಬಿಟ್ಟಿನ ಲಾಂಗ್ ಆಗಿ ಮಾಡಿಕೊಳ್ಳಿ: ಇಂಟ್ 2147483647 ದಾಟಿದರೆ ದೂರು ಹೇಳದೆ ಋಣಸಂಖ್ಯೆಗೆ ಉರುಳುತ್ತದೆ. ತಿರುಗಿ ಲಾಂಗ್‌ನಿಂದ ಇಂಟ್‌ಗೆ ಇಳಿಸುವಾಗಲೂ ಅಷ್ಟೇ. 5000000000ಕ್ಕೆ ‘ಟುಇಂಟ್’ ಎಂದರೆ 705032704 ಸಿಗುತ್ತದೆ, ಎಚ್ಚರಿಕೆಯ ಸಂದೇಶ ಇಲ್ಲ. ಅಲ್ಲಿ ಜಾವಾದ ‘ಮ್ಯಾಥ್.ಟುಇಂಟ್‌ಎಗ್ಸಾಕ್ಟ್’ ಬಳಸಿ, ಹಿಡಿಸದ ಸಂಖ್ಯೆ ಬಂದರೆ ಅದು ಎಕ್ಸೆಪ್ಶನ್ ಎಸೆಯುತ್ತದೆ.

ಹಿಂದಿರುಗಿಸುವಾಗ

ಸ್ಕಾಲಾದ ಇಂಟ್‌ಗಳ ಪಟ್ಟಿಗೆ ‘ಆ್ಯಸ್‌ಜಾವಾ’ ಎಂದು, ಇಂಟಿಜರ್‌ಗಳ ಲಿಸ್ಟ್ ಕೇಳುವ ಜಾವಾ ಮೆಥಡ್ಡಿಗೆ ಕೊಟ್ಟರೆ ಕಂಪೈಲರ್ ಟೈಪ್ ಹೊಂದುತ್ತಿಲ್ಲ ಎನ್ನುತ್ತದೆ. ಮೊದಲು ‘ಮ್ಯಾಪ್’ ಒಳಗೆ ‘ಇಂಟ್.ಬಾಕ್ಸ್’ ಕೊಡಿ, ಆಮೇಲೆ ‘ಆ್ಯಸ್‌ಜಾವಾ’.

ಹೀಗೆ ಹೋದ ಪಟ್ಟಿ ಸ್ಕಾಲಾದ ಬದಲಾಗದ ಲಿಸ್ಟ್ ಆಗಿದ್ದರೆ, ಜಾವಾ ಕಡೆಯವರು ‘ಆ್ಯಡ್’ ಎಂದ ಕೂಡಲೇ ಅನ್‌ಸಪೋರ್ಟೆಡ್ ಆಪರೇಶನ್ ಎಕ್ಸೆಪ್ಶನ್ ಬರುತ್ತದೆ. ಅವರು ಪಟ್ಟಿಯನ್ನು ತಿದ್ದುವವರಾದರೆ ಹೊಸ ‘ಅರೇಲಿಸ್ಟ್’ ಮಾಡಿ ಅದರೊಳಗೆ ಹಾಕಿ ಕೊಡಿ. ಇನ್ನೊಂದು, ಕಣ್ಣಿಗೆ ಬೀಳದ ಖರ್ಚು: ಸ್ಕಾಲಾದ ಲಿಸ್ಟ್ ಸರಪಳಿಯಂಥದ್ದು, ನೂರನೆಯ ಅಂಶಕ್ಕೆ ಹೋಗಲು ಮೊದಲಿನಿಂದ ಎಣಿಸಬೇಕು. ಆಚೆ ಯಾರೋ ಫಾರ್ ಲೂಪಿನಲ್ಲಿ ‘ಗೆಟ್’ ಎಂದು ಒಂದೊಂದನ್ನೇ ಕೇಳುತ್ತಿದ್ದರೆ, ಲಕ್ಷ ಅಂಶಗಳ ಪಟ್ಟಿಗೆ ಸುಮಾರು 500 ಕೋಟಿ ಹೆಜ್ಜೆ. ಲಿಸ್ಟ್ ಬದಲು, ಯಾವ ಅಂಶಕ್ಕಾದರೂ ಬೇಗ ತಲುಪಿಸುವ ವೆಕ್ಟರ್ ಇಟ್ಟುಕೊಂಡರೆ ಈ ಗೋಳಿಲ್ಲ.

ಮ್ಯಾಪಿನ ಕೀಲಿಗಳು

ಇಲ್ಲಿ ಮ್ಯಾಪ್ ಎಂದರೆ ಮೇಲೆ ಹೇಳಿದ ಮೆಥಡ್ ಅಲ್ಲ, ಪ್ರತಿ ಕೀಲಿಗೂ ಒಂದು ಬೆಲೆ ಜೋಡಿಸಿಡುವ ಸಂಗ್ರಹ. ಸ್ಕಾಲಾದ ಸಮಚಿಹ್ನೆಗೆ (==) ಇಂಟ್ 4021 ಮತ್ತು ಲಾಂಗ್ 4021 ಒಂದೇ. ಜಾವಾದ ‘ಈಕ್ವಲ್ಸ್’ಗೆ ಡಬ್ಬಿಯೇ ಬೇರೆ, ಆದ್ದರಿಂದ ಸಂಖ್ಯೆಯೂ ಬೇರೆ. ಕೀಲಿಯ ಟೈಪ್ ಬರಿಯ ಆಬ್ಜೆಕ್ಟ್ ಆಗಿರುವ ಜಾವಾ ಹ್ಯಾಶ್‌ಮ್ಯಾಪಿನಲ್ಲಿ ಗ್ರಾಹಕ ಸಂಖ್ಯೆ ಲಾಂಗ್ ಆಗಿ ಕೂತಿದೆ ಎನ್ನಿ. ‘ಆ್ಯಸ್‌ಸ್ಕಾಲಾ’ ಹಾಕಿ ಇಂಟಿಜರ್ 4021 ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಹೊದಿಕೆಯೊಳಗೆ ಹುಡುಕುವುದು ಜಾವಾವೇ. ಅದನ್ನೇ ‘ಟುಮ್ಯಾಪ್’ ಮಾಡಿ ನಕಲಿಸಿ ಹುಡುಕಿದರೆ ಸಿಗುತ್ತದೆ. ಒಂದೇ ಮಾಹಿತಿಗೆ ಎರಡು ಉತ್ತರ. ಕೀಲಿಗಳನ್ನು ಒಳಗೆ ಬಂದ ತಕ್ಷಣ ಒಂದೇ ಟೈಪಿಗೆ ತಂದುಕೊಳ್ಳುವುದೇ ಸರಿ.

ಹಣದ ಲೆಕ್ಕ

ಬಿಲ್ ಮೊತ್ತಕ್ಕೆ ದಶಮಾಂಶವನ್ನು ನಿಖರವಾಗಿ ಹಿಡಿಯುವ ಬಿಗ್‌ಡೆಸಿಮಲ್ ಬೇಕು. ಸ್ಕಾಲಾದ ಬಿಗ್‌ಡೆಸಿಮಲ್ ಒಳಗೆ ಇರುವುದು ಜಾವಾದ್ದೇ. ಚುಕ್ಕಿ ಇಟ್ಟು ‘ಬಿಗ್‌ಡೆಸಿಮಲ್’ ಎಂದರೆ ಅದು ಹೊರಬರುತ್ತದೆ. ದಶಮಾಂಶ ಸಂಖ್ಯೆಯನ್ನು ಡಬಲ್ (ಅಂದಾಜಿನಲ್ಲಿ ಹಿಡಿಯುವ ಟೈಪ್) ಮೂಲಕ ದಾಟಿಸಬೇಡಿ. ಜಾವಾದ ಕನ್‌ಸ್ಟ್ರಕ್ಟರಿಗೆ ಡಬಲ್ 0.1 ಕೊಟ್ಟರೆ 0.1000000000000000055 ಎಂದು ಶುರುವಾಗುವ ಉದ್ದನೆಯ ಬಾಲ ಬರುತ್ತದೆ, ಸ್ಕಾಲಾದಲ್ಲಿ ಅದೇ 0.1ಕ್ಕೆ 0.1 ಮಾತ್ರ. ಇನ್ನು 2.0 ಮತ್ತು 2.00 ಸ್ಕಾಲಾಗೆ ಸಮ, ಜಾವಾದ ‘ಈಕ್ವಲ್ಸ್’ಗೆ ಅಲ್ಲ. ಜಾವಾ ಕಡೆ ಮೊತ್ತಗಳನ್ನು ಹೋಲಿಸುವ ಕೋಡ್ ಇದ್ದರೆ ಅಲ್ಲಿ ‘ಕಂಪೇರ್‌ಟು’ ಬಳಸಿ, ಉತ್ತರ 0 ಬಂದಿದೆಯೇ ನೋಡಿ.