ಮೀಟರ್ ಎಲ್ಲ ಸರಿ ಅಂದಿತ್ತು, ಕೇಬಲ್ ಒಳಗೆ ನೀರಿತ್ತು

ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರ ರಿಪೀಟರ್, ಅಂದರೆ ಒಬ್ಬರ ಮಾತು ಹಿಡಿದು ದೂರದವರಿಗೆ ದಾಟಿಸುವ ರೇಡಿಯೊ ಪೆಟ್ಟಿಗೆ, ಇರುವುದು ಬಾಬಾಬುಡನ್‌ಗಿರಿ ಸಾಲಿನ ಒಂದು ಬೋಳುಗುಡ್ಡದ ಮೇಲೆ. ಯಾವ ಗುಡ್ಡ ಅಂತ ಹೇಳುವುದಿಲ್ಲ. ಒಂದು ಸೋಲಾರ್ ಪ್ಯಾನೆಲ್ ಈಗಾಗಲೇ ಕಳುವಾಗಿದೆ.

ಅಷ್ಟು ಎತ್ತರಕ್ಕೆ ಯಾಕೆ ಹೊತ್ತರು ಅಂದ್ರೆ, ನಾವು ಬಳಸುವ ಎರಡು ಮೀಟರ್ ಬ್ಯಾಂಡಿನ (ಅಲೆಯ ಉದ್ದ ಸುಮಾರು ಎರಡು ಮೀಟರ್) ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ಕೈಯಲ್ಲಿ ಹಿಡಿಯುವ 5 ವ್ಯಾಟ್ ಸೆಟ್ಟಿಗೆ ಪಕ್ಕದ ಗುಡ್ಡ ಅಡ್ಡ ಬಂದರೆ ಮಾತು ಅಲ್ಲಿಗೇ ಮುಗೀತು. ಮೇಲಿನ ರಿಪೀಟರ್ ಕೇಳಿಸಿಕೊಂಡದ್ದನ್ನು 600 ಕಿಲೋಹರ್ಟ್ಸ್ ಆಚೆಗಿನ ಆವರ್ತನದಲ್ಲಿ, ಅದೇ ಕ್ಷಣಕ್ಕೆ, ಮತ್ತೆ ಹೇಳುತ್ತದೆ.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹಾಸನದ ಕಡೆಯವರು ದೂರು ಶುರು ಮಾಡಿದರು. 'ಬರೀ ಗೊರಗೊರ, ಸಾರ್.' ಹತ್ತಿದೆವು. ಜೀಪು ನಿಲ್ಲುವ ಜಾಗದಿಂದ ಒಂದೂವರೆ ಗಂಟೆ ನಡಿಗೆ, ಕಾಲ್ಚೀಲದೊಳಗೆ ಇಂಬಳ. ಕಳಿಸಿದ ಪವರ್ ಎಷ್ಟು ವಾಪಸ್ ಬರುತ್ತಿದೆ ಅಂತ ಹೇಳುವ ಎಸ್‌ಡಬ್ಲ್ಯೂಆರ್ ಮೀಟರನ್ನು ಕೆಳಗೆ ಸಿಕ್ಕಿಸಿದರೆ 1.2. ಏನೂ ವಾಪಸ್ ಬರದಿದ್ದರೆ 1. ಇದಕ್ಕಿಂತ ಚೆನ್ನಾಗಿ ಇನ್ನೇನು ಬೇಕು? ಆಂಟೆನಾ, ಕೇಬಲ್ ಎರಡೂ ಸರಿ ಅಂತ ತೀರ್ಮಾನಿಸಿ, ಗುಮಾನಿಯನ್ನು ಡುಪ್ಲೆಕ್ಸರ್ ಮೇಲೆ ಹಾಕಿದೆವು. ಒಂದೇ ಆಂಟೆನಾದಲ್ಲಿ ಹೋಗುವುದನ್ನೂ ಬರುವುದನ್ನೂ ಬೇರೆ ಮಾಡುವ ಆರು ಡಬ್ಬಿಗಳ ಸಾಮಾನು ಅದು. ಬಿಚ್ಚಿ, ಗೋಣಿ ಸುತ್ತಿ, ಹೊತ್ತು ಇಳಿಸಿದೆವು. ಮನೆಯಲ್ಲಿ ಅಳೆದರೆ ಏನೂ ಆಗಿಲ್ಲ! ಮತ್ತೆ ಹೊತ್ತು ಹತ್ತಿಸಿದೆವು. ಗೊರಗೊರ ಹಾಗೇ ಇತ್ತು.

ಆಗ ಒಬ್ಬ ಹಿರಿಯ ಹ್ಯಾಮ್ ಫೋನಿನಲ್ಲಿ ಕೇಳಿದರು, 'ಮಾರಾಯ, ಕಂಬ ಹತ್ತಿ ತುದಿಯಲ್ಲಿ ಅಳೆದಿದ್ದೀಯಾ?'

ಅಳೆದಿರಲಿಲ್ಲ. ಮೂರನೇ ಸಲ ಬೆಲ್ಟ್ ಕಟ್ಟಿಕೊಂಡು ಹತ್ತಿ, ಆಂಟೆನಾ ಬಿಚ್ಚಿ, ಆ ಜಾಗಕ್ಕೆ ವ್ಯಾಟ್ ಮೀಟರ್ ಮತ್ತು ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಹೀರಿಕೊಳ್ಳುವ ಸಾಮಾನು) ಹಾಕಿದೆ. ಕೆಳಗಿಂದ 10 ವ್ಯಾಟ್ ಕಳಿಸುತ್ತಿದ್ದಾರೆ, ಮೇಲೆ ಬರುತ್ತಿರುವುದು ಬರೀ 1. ನಮ್ಮದು 20 ಮೀಟರ್ ಆರ್‌ಜಿ-213. ಕೇಬಲ್ ಆರೋಗ್ಯವಾಗಿದ್ದರೆ ಆರೂವರೆ ಆಸುಪಾಸು ಬರಬೇಕು.

ಮೀಟರ್ ಸುಳ್ಳು ಹೇಳಿರಲಿಲ್ಲ, ನಾವೇ ತಪ್ಪು ಓದಿದ್ದೆವು. ಹಾಳಾದ ಕೇಬಲ್ ಮೇಲಕ್ಕೆ ಹೋಗುವ ಪವರನ್ನು ತಿನ್ನುತ್ತದೆ, ತುದಿಯಿಂದ ತಿರುಗಿ ಬರುವುದನ್ನೂ ತಿನ್ನುತ್ತದೆ. ಕೆಳಗೆ ಕೂತ ಮೀಟರಿಗೆ ವಾಪಸ್ ಬಂದದ್ದು ಕಾಣುವುದೇ ಇಲ್ಲ, 'ಭೇಷ್' ಅನ್ನುತ್ತದೆ. ಮೇಲೆ ಆಂಟೆನಾನೇ ಇಲ್ಲದಿದ್ದರೂ ಅದೇ 1.2 ಆಸುಪಾಸು ತೋರಿಸುತ್ತಿತ್ತು.

ಕೇಬಲ್ ಇಳಿಸಿ ಕನೆಕ್ಟರ್ ಹತ್ತಿರ ಸಿಪ್ಪೆ ಸೀಳಿದೆ. ಒಳಗಿನ ತಾಮ್ರದ ಹೆಣಿಗೆ ಮೇಲೆ ಕಿಲುಬು ಹತ್ತಿತ್ತು, ಹಳೇ ತಾಮ್ರದ ಚೊಂಬಿನ ತಳದಂತೆ ಹಸಿರು. ಇನ್ನೊಂದು ತುದಿ ಕೆಳಗೆ ಮಾಡಿ ಹಿಡಿದರೆ ತೊಟತೊಟ ನೀರು. ಮೇಲಿನ ಜಾಯಿಂಟಿನಲ್ಲಿ ನುಗ್ಗಿದ್ದು, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಹೆಣಿಗೆ ಹಿಡಿದು 20 ಮೀಟರ್ ಇಳಿದಿತ್ತು. ಆ ಜಾಯಿಂಟಿಗೆ ಟೇಪ್ ಸುತ್ತಿದವನು ನಾನೇ. ಏಪ್ರಿಲಿನಲ್ಲಿ, ಗುಡುಗು ಕೇಳಿಸುತ್ತಿದ್ದಾಗ, ಗಡಿಬಿಡಿಯಲ್ಲಿ, ಬರೀ ವೈರಿಂಗ್ ಅಂಗಡಿಯ ಪಿವಿಸಿ ಟೇಪು.

ಈಗ ಹೀಗೆ ಮಾಡುತ್ತೇನೆ. ಜಾಯಿಂಟು ಒಣಗಿರಬೇಕು, ಮಂಜಿದ್ದರೆ ಕಾಯುವುದು. ಮೊದಲು ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್, ಚೆನ್ನಾಗಿ ಎಳೆದು. ಅದರ ಮೇಲೆ ಒಳ್ಳೇ ಪಿವಿಸಿ ಟೇಪ್, ಬಿಸಿಲಿನಿಂದ ಕಾಪಾಡಲಿಕ್ಕೆ. ಕೊನೆಯ ಸುತ್ತು ಯಾವಾಗಲೂ ಕೆಳಗಿಂದ ಮೇಲಕ್ಕೆ. ಹೆಂಚು ಹೊದಿಸುವವರು ಸೂರಿನ ಅಂಚಿನಿಂದ ಶುರು ಮಾಡ್ತಾರಲ್ವಾ, ಹಾಗೆ. ಮೇಲಿನ ಸುತ್ತು ಕೆಳಗಿನದರ ಮೇಲೆ ಕೂತರೆ ನೀರು ಜಾರಿಹೋಗುತ್ತದೆ. ತುದಿಯನ್ನು ಎಳೆಯದೆ ಸುಮ್ನೆ ಒತ್ತಬೇಕು, ಎಳೆದರೆ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ. ಕೇಬಲ್ ಗೋಡೆಯ ತೂತಿಗೆ ನುಗ್ಗುವ ಮುಂಚೆ ಒಮ್ಮೆ ಕೆಳಕ್ಕೆ ಬಾಗಿರಲಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಬ್ಯಾಟರಿ ಬರೀ ಲೆಕ್ಕದ ವಿಷಯ. ಸುಮ್ಮನೆ ಕೇಳುತ್ತಾ ಕೂತರೆ 0.4 ಆಂಪಿಯರ್, ಮಾತಾಡುವಾಗ 3. ದಿನಕ್ಕೆ ಎರಡು ಗಂಟೆ ಮಾತು ಅಂದುಕೊಂಡರೆ ಸುಮಾರು 15 ಆಂಪಿಯರ್-ಅವರ್ ಖರ್ಚು. 100ರ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು, ಹಾಗಾಗಿ ಬಿಸಿಲಿಲ್ಲದೆ ಮೂರು ದಿನ. ಆಷಾಢದಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಎರಡನೇ ಬ್ಯಾಟರಿ ಹೊತ್ತೆವು, ಜತೆಗೆ ಹರಟೆಯನ್ನೂ ಕಡಿಮೆ ಮಾಡಿಸಿದೆವು. ಹರಟೆ ಕಡಿಮೆ ಮಾಡಿಸುವುದೇ ಕಷ್ಟದ ಕೆಲಸ.

ಸಿಡಿಲಿಗೆ ಅರ್ಥಿಂಗ್ ಹಾಕೋಣ ಅಂದರೆ ಬರೀ ಬಂಡೆ. ಒಂದೇ ಆಳದ ಗುಂಡಿ ಆಗಲಿಲ್ಲ. ಸುತ್ತ ಮಣ್ಣು ಸಿಕ್ಕ ಕಡೆಯೆಲ್ಲ ರಾಡ್ ಇಳಿಸಿ, ತಾಮ್ರದ ಪಟ್ಟಿಯಲ್ಲಿ ಕಂಬ, ಪೆಟ್ಟಿಗೆ, ಪ್ಯಾನೆಲ್ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿದ್ದೇವೆ. ಪೆಟ್ಟಿಗೆಯ ಗಾಳಿ ತೂತುಗಳಿಗೆ ಸ್ಟೀಲ್ ಜಾಲರಿ ಹಾಕಿದ್ದು ಕಡಜದ ಗೂಡು ಸಿಕ್ಕಮೇಲೆ. ಮುಖಕ್ಕೆ ಎರಡು ಕಡೆ ಕಚ್ಚಿಸಿಕೊಂಡ ಮೇಲೆ ಅಂದರೂ ಸರಿ.

ಕಂಬದ ತುದಿಯ ವ್ಯಾಟ್ ಅಳತೆಯನ್ನು ಈಗ ಪೆಟ್ಟಿಗೆಯ ಬಾಗಿಲ ಒಳಬದಿಯಲ್ಲಿ ಮಾರ್ಕರಿನಿಂದ ಬರೆದಿಡುತ್ತೇವೆ. ಮೇ: 6.4. ಅಕ್ಟೋಬರ್: 6.3.